ಸಾಬೂನಿಗೆ ಕೆಂಪಾಗದ ಹಳದಿ

ಹಾರೂಗೇರಿ ಕಡೆ ಶಿವರಾತ್ರಿ ಕಳೆಯಿತೆಂದರೆ ಗಾಳಿಗೂ ಬಣ್ಣ ಬರುತ್ತದೆ. ಕುದಿಸಿ ಒಣಗಿಸಿದ ಅರಿಷಿಣದ ಬೇರನ್ನು ತಗಡಿನ ದೊಡ್ಡ ಡ್ರಮ್ಮಿಗೆ ತುಂಬಿ ತಿರುವುತ್ತಾರೆ. ಮೇಲಿನ ಸಿಪ್ಪೆ ಧೂಳಾಗಿ ಏಳುತ್ತದೆ. ನಾಯಿ ಹಳದಿ, ಬೇವಿನ ಎಲೆ ಹಳದಿ, ತಿರುವುವವನ ರೆಪ್ಪೆಗೂದಲೂ ಹಳದಿ. ತೊಂಬತ್ತೆರಡನೇ ಇಸವಿಯಲ್ಲಿ ಆ ಡ್ರಮ್ಮು ತಿರುವುತ್ತಿದ್ದವ ಹಾಲಸಿದ್ದ. ಅವನ ಹೆಂಡತಿ ಸತ್ತೆವ್ವ ಬುತ್ತಿ ತರುವಾಗ ದೂರದಿಂದ ನೋಡಿದರೆ, ಗಂಡ ನೆಲ ಮುಟ್ಟದೆ ಬೆಳಕಿನೊಳಗೆ ತೇಲುತ್ತಿದ್ದಂತೆ ಕಾಣುತ್ತಿದ್ದ.

ಹಗುರಾಗಿಯೂ ಇದ್ದ. ದೀಪಾವಳಿಯಿಂದಲೇ ಊಟ ಇಳಿದಿತ್ತು. ಎರಡು ತುತ್ತಿಗೆ ಹೊಟ್ಟೆ ತುಂಬಿತೆನ್ನುವನು. ಬಲಗಡೆ ಪಕ್ಕೆಲುಬಿನ ಕೆಳಗೆ ಕಲ್ಲು ಇಟ್ಟಹಾಗೆ ಆಗಿದೆ ಎನ್ನುವನು. ಮೈ ಕರಗಿ ಅಂಗಿ ಸಡಿಲಾಯಿತು, ಹೊಟ್ಟೆ ಮಾತ್ರ ಬಿಗಿಯಿತು. ಮೈ ಕೆರೆದರೆ ಧೂಳಿನ ತುರಿಕೆ, ಕಣ್ಣು ಹಳದಿಯಾದರೆ ಧೂಳಿನ ಹಳದಿ ಅಂದುಕೊಂಡರು.

“ವೈನಿ, ಅಣ್ಣ ಮತ್ತ ಮದಿಮಗಾ ಆಗ್ಯಾನ ನೋಡ. ಅರಿಷಿಣ ಇಳಿಯವಲ್ದು!” ಎಂದು ಮೈದುನ ಭರಮು ನಗಾಡಿದ.

“ಈ ಎಲುವಿನ ಗೂಡಿಗೆ ಯಾರಲೇ ಹೆಣ್ಣ ಕೊಡ್ತಾರ?” ಅಂದ ಹಾಲಸಿದ್ದ.

ಸತ್ತೆವ್ವನೂ ನಕ್ಕಳು. ಆ ನಗು ಆಮೇಲೆ ಅವಳನ್ನು ಬಹಳ ವರ್ಷ ಕಾಡಿತು.

ಯುಗಾದಿಗೆ ನಾಕು ದಿನ ಇರುವಾಗ ಹಳ್ಳದ ಕಲ್ಲಿನ ಮೇಲೆ ಅವನ ಧೋತರ ಒಗೆಯುತ್ತಿದ್ದಳು. ಅರಿಷಿಣದ ಕಲೆಗೆ ಸಾಬೂನು ತಾಗಿದರೆ ಕುಂಕುಮದ ಹಾಗೆ ಕೆಂಪಾಗುತ್ತದೆ. ಅಲ್ಲಿಯ ಹೆಣ್ಣುಮಕ್ಕಳ ಕೈಗೆಲ್ಲ ಅದು ಗೊತ್ತು. ತಿಕ್ಕಿದಂತೆ ಅಂಚಿನಲ್ಲಿ ಕೆಂಪು ಅರಳಿತು, ಮೊಣಕಾಲ ಹತ್ತಿರ ಅರಳಿತು. ಉಚ್ಚೆಯ ಹನಿ ಬಿದ್ದಲ್ಲಿ ಒಂದು ಕಲೆ ಮಾತ್ರ ಹಳದಿಯಾಗಿಯೇ ಉಳಿಯಿತು. ಮತ್ತೆ ಸಾಬೂನು ಹಚ್ಚಿದಳು. ಕೆಂಪಾಗಲಿಲ್ಲ. ಹಳ್ಳ ಹರಿಯುತ್ತಲೇ ಇತ್ತು, ಅವಳಿಗೆ ಸಪ್ಪಳ ಕೇಳಲಿಲ್ಲ.

ಮನೆಗೆ ಬಂದವಳೇ ಗಂಡನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ ಕಣ್ಣಿನ ಕೆಳರೆಪ್ಪೆ ಎಳೆದಳು.

“ಏನ ನೋಡಾಕತ್ತೀ?”

“ಧೂಳ ಹೋಗದ ಜಾಗಾ ನೋಡಾಕತ್ತೀನ್ರಿ. ಅಲ್ಲೂ ಹಳದಿ ಐತಿ. ನಾಳೆ ಮಿರಜಿಗೆ ನಡೀರಿ.”

“ಕಾಮಣಿ ಇದ್ದೀತು ವೈನಿ, ಗಿಡದ ಔಷಧ ಕುಡಿಸೂಣು,” ಅಂದ ಭರಮು.

“ಇಷ್ಟ ದಿನಾ ಧೂಳ ಅಂದಿ. ಇನ್ನ ಬಾಯಿ ಮುಚ್ಚಗೊಂಡ ನಮ್ಮ ಕೂಡ ಬಾ.”

ಮಿರಜಿನ ಡಾಕ್ಟರು ಹೊಟ್ಟೆ ಒತ್ತಿದರು, ಒಳಗಿನ ಫೋಟೊ ತೆಗೆಸಿದರು, ರಕ್ತ ನೋಡಿಸಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

“ಲಿವರಿನ್ಯಾಗ ಕ್ಯಾನ್ಸರಿನ ಗಂಟೈತಿ. ತಗಿಯಾಕ ಬರದಷ್ಟ ದೊಡ್ಡದಾಗೇತಿ.”

“ಹೋಳಿಗೊಮ್ಮಿ ಬಿಟ್ರ ಕುಡದಾಂವಲ್ರಿ ಸಾಹೇಬ್ರ,” ಅಂದಳು ಸತ್ತೆವ್ವ.

“ಕುಡೀದವರಿಗೂ ಬರತೈತವ್ವಾ. ಇವನ ರಕ್ತದಾಗ ಕಾಮಣಿಯ ಒಂದು ಕ್ರಿಮಿ ಐತಿ. ಹುಟ್ಟುವಾಗ ತಾಯಿಯಿಂದ ಬಂದಿದ್ದೀತು. ಇಷ್ಟ ವರ್ಷ ಸುಳಿವ ಕೊಡದ ಲಿವರ್ ಕೆಡಸೇತಿ. ಸೆರೆ, ಬೂಷ್ಟ ಹಿಡದ ಶೇಂಗಾ, ಇವೆಲ್ಲಾ ಅದಕ್ಕ ಕೂಡ್ತಾವು. ಒಡಹುಟ್ಟಿದವರು ಅದಾರೇನು?”

ಎಲ್ಲರೂ ಬಾಗಿಲಲ್ಲಿ ನಿಂತಿದ್ದ ಭರಮುವಿನ ಕಡೆ ನೋಡಿದರು.

“ನನಗೇನ ಆಗೇತ್ರಿ? ಕಲ್ಲ ತಿಂದ್ರೂ ಕರಗಸ್ತೀನಿ.”

“ನಾನೂ ಹಂಗ ಅಂತಿದ್ನೆಲೇ,” ಅಂದ ಹಾಲಸಿದ್ದ. “ಕೈ ಚಾಚು.”

ಭರಮುವಿನ ರಕ್ತದಲ್ಲೂ ಅದೇ ಕ್ರಿಮಿ ಸಿಕ್ಕಿತು. ಲಿವರು ಇನ್ನೂ ಸ್ವಚ್ಛವಿತ್ತು. ಸೆರೆ ಮುಟ್ಟಬೇಡ, ಆರು ತಿಂಗಳಿಗೊಮ್ಮೆ ಬಂದು ತೋರಿಸು ಅಂದರು. ಸತ್ತೆವ್ವನ ರಕ್ತದಲ್ಲಿ ಏನೂ ಇರಲಿಲ್ಲ.

ಊರಿಗೆ ಬಂದ ಸಂಜೆ ಹಾಲಸಿದ್ದ ಬೇವಿನ ಕೆಳಗೆ ಕೂತು ಕೇಳಿದ: “ಈ ಹಳದಿ ಇನ್ನ ಹೋಗೂದಿಲ್ಲಲ್ಲ?”

ಸತ್ತೆವ್ವ ಅವನ ಅಂಗೈಗೆ ನೀರು ಹನಿಸಿ ಸಾಬೂನು ತಿಕ್ಕಿದಳು. ಚರ್ಮದ ಗೆರೆಗಳಲ್ಲಿ ಕೂತಿದ್ದ ಅರಿಷಿಣ ಮೆಲ್ಲಗೆ ಕೆಂಪಾಯಿತು.

“ನೋಡ್ರಿ, ಇಷ್ಟು ನಿಮ್ಮ ದುಡಿಮಿದು. ಉಳದದ್ದು ರೋಗದ್ದು.”

ಹೊತ್ತು ಮುಳುಗುವ ತನಕ ಆ ಕೆಂಪು ಗೆರೆಗಳನ್ನೇ ನೋಡುತ್ತ ಕೂತ. ಆ ವರ್ಷದ ಕಾರಹುಣ್ಣಿಮೆ ಅವನು ಕಾಣಲಿಲ್ಲ.

ಆರು ತಿಂಗಳಿಗೊಮ್ಮೆ ಭರಮು ಮಿರಜಿನ ಬಸ್ಸು ಹತ್ತುತ್ತಾನೆ. ಸತ್ತೆವ್ವ ಸ್ಟ್ಯಾಂಡಿನ ತನಕ ಹೋಗಿ, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಲ್ಲುತ್ತಾಳೆ. ಡಾಕ್ಟರಿಗೆ ತೋರಿಸದೆ ನಡುವೆಯೇ ಇಳಿದು ಓಡಿ ಬಂದಾನೆಂಬ ಗುಮಾನಿ ಅವಳಿಗೆ ಇನ್ನೂ ಹೋಗಿಲ್ಲ.