ಮೂಟೆಯ ತಳ

ಗುಬ್ಬಿಯ ಅಡಿಕೆ ವ್ಯಾಪಾರಿ ಚನ್ನವೀರಯ್ಯನವರ ಮಂಡಿಯಲ್ಲಿ ಪ್ರತಿ ಮೂಟೆಯ ಬಾಯಲ್ಲೂ ಆರಿಸಿದ ಅಡಿಕೆ ಫಳಫಳ ಹೊಳೆಯುತ್ತಿತ್ತು. ಕೆಳಗಿನದು ಕೊಂಡವರ ಕರ್ಮ. ಅದೇ ಅವರು ಚೇಳೂರಿನ ರೈತರಲ್ಲಿ ಕೊಳ್ಳಲು ಹೋದರೆ ಮೂಟೆಗೆ ತೋಳುದ್ದ ಕೈ ಹಾಕಿ ತಳದಿಂದಲೇ ತೆಗೆದು ನೋಡುವರು.

ಅವರ ಎಡಗೆನ್ನೆಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಸದಾ ಬಿಡಾರ ಹೂಡಿರುತ್ತಿದ್ದವು. ಅಲ್ಲೊಂದು ಬಿಳಿ ಮಚ್ಚೆ ಎದ್ದು ವರ್ಷವಾಗಿತ್ತು. ಹೆಂಡತಿ ಸಿದ್ದಗಂಗಮ್ಮ ಕೇಳಿದರೆ, "ಸುಣ್ಣ ಜಾಸ್ತಿ ಆಗೈತೆ, ಬುಡು" ಎನ್ನುವರು. ಒಳಗೊಳಗೇ ಮಾತ್ರ ಪುಕಪುಕ.

2003ರಲ್ಲಿ ತುಮಕೂರಿನಿಂದ ದಂತವೈದ್ಯರ ಶಿಬಿರ ಬಂತು. ಅಧ್ಯಕ್ಷತೆ ಚನ್ನವೀರಯ್ಯನವರದೇ. ಬಾಯಲ್ಲಿದ್ದುದನ್ನು ವೇದಿಕೆಯ ಹಿಂದೆ ಉಗಿದು ಬಂದು, ಹೊಗೆಸೊಪ್ಪಿನ ಕೇಡಿನ ಬಗ್ಗೆ ಕಣ್ಣೀರು ಬರುವಂತೆ ಭಾಷಣ ಬಿಗಿದರು. ಆಮೇಲೆ ಅತಿಥಿಗಳಿಗೆಲ್ಲ ಮರ್ಯಾದೆಯಾಗಿ ಎಲೆ ಅಡಿಕೆ ಕೊಟ್ಟರು. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ.

ಮೊದಲ ಪರೀಕ್ಷೆಯ ಗೌರವವೂ ಅಧ್ಯಕ್ಷರಿಗೇ. ಡಾಕ್ಟರ್ ಅಪರ್ಣ ಪುಟ್ಟ ಬ್ರಷ್ ಹಿಡಿದು, "ಕೆನ್ನೆ ಒಳಗೆ ಉಜ್ಜಿ ಸ್ವಲ್ಪ ಜೀವಕೋಶ ತಗೋತೀವಿ ಸಾರ್. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕ್ಯಾನ್ಸರ್ ಸುಳಿವು ಬೇಗ ಸಿಗುತ್ತೆ. ಎಲ್ಲಾದ್ರೂ ಮಚ್ಚೆ ಇದೆಯಾ? ಬಾಯಿ ಪೂರ್ತಿ ತೆಗೀರಿ" ಎಂದರು.

ಬಾಯಿ ಎರಡು ಬೆರಳಗಲಕ್ಕಿಂತ ತೆರೆಯಲೊಲ್ಲದು. ಚನ್ನವೀರಯ್ಯ ಬಲಗೆನ್ನೆಯನ್ನೇ ಎಳೆದು ಹಿಡಿದರು. ಎಡಗಡೆಯನ್ನೂ ನೋಡಬೇಕೆಂದಾಗ, "ಅಲ್ಲೇನೂ ಇಲ್ಲ ಕಣಮ್ಮ, ಪಾಪ ಜನ ಕಾಯ್ತಾವ್ರೆ" ಎಂದು ಎದ್ದೇಬಿಟ್ಟರು.

ರಿಪೋರ್ಟ್ ಬಂತು: ದೋಷವಿಲ್ಲ. ಅದಕ್ಕೆ ಗಾಜು ಹಾಕಿಸಿ ಮಂಡಿಯ ಗೋಡೆಗೆ ತೂಗುಹಾಕಿದರು. ಆ ಖುಷಿಗೆ ಹೊಗೆಸೊಪ್ಪು ಒಂದು ಎಸಳು ಹೆಚ್ಚಾಯಿತು.

ಒಂದು ಮಧ್ಯಾಹ್ನ ಮುದ್ದೆ ಉಪ್ಸಾರಿಗೆ ಅದ್ದಿ ಬಾಯಿಗಿಟ್ಟವರ ಎಡಗೆನ್ನೆಗೆ ಖಾರ ತಾಕಿ ಕಣ್ಣಲ್ಲಿ ನೀರು ಧಾರಾಕಾರ. ಸಿದ್ದಗಂಗಮ್ಮನಿಗೆ ಅನುಮಾನ ಬಂತು.

"ಡಾಕ್ಟ್ರಿಗೆ ಯಾವ ಕೆನ್ನೆ ಕೊಟ್ರಿ?"

"ಬಲಗಡೇದು. ಸ್ಯಾಂಪಲ್ ಅಂದ್ರೆ ಒಳ್ಳೇದನ್ನೇ ಕೊಡಾದು ಕಣೇ. ವ್ಯಾಪಾರ ಗೊತ್ತಿಲ್ವಾ ನಿಂಗೆ?"

"ಯಾರಿಗೆ ಮಾರಕ್ಕೆ ಹೊಂಟಿದ್ರಿ?"

ಭಯವನ್ನು ಅಷ್ಟು ದಿನ ನುಂಗಿಕೊಂಡಿದ್ದ ಚನ್ನವೀರಯ್ಯ ತಟ್ಟೆಯ ಮುಂದೆಯೇ ಬಿಕ್ಕಿ ಅತ್ತರು. ಮರುದಿನವೇ ಆಕೆ ಅವರನ್ನು ತುಮಕೂರಿನ ಬಸ್ಸು ಹತ್ತಿಸಿದರು.

"ಮೇಲ್ಗಡೆ ನೋಡಿ ಮೋಸ ಹೋಗ್ಬ್ಯಾಡಿ ಮೇಡಂ," ಎಂದು ಜೊತೆಗೆ ಹೋದ ಸಿದ್ದಗಂಗಮ್ಮ ಡಾಕ್ಟರ್ ಅಪರ್ಣಗೆ ಹೇಳಿದರು. "ಇವ್ರ ಮೂಟೆ ತಳಕ್ಕೆ ಕೈ ಹಾಕಿ."

ಎಡಗೆನ್ನೆಯ ಕೋಶಗಳು ಕೆಟ್ಟಿದ್ದವು. ಚೂರು ಮಾಂಸ ತೆಗೆದು ನೋಡಿದಾಗ ಕ್ಯಾನ್ಸರೆಂಬುದು ಖಚಿತವಾಯಿತು. ಆದರೆ ಆಗತಾನೇ ಹುಟ್ಟಿಕೊಂಡದ್ದು. ಚಿಕ್ಕ ಆಪರೇಷನ್ನಿನಲ್ಲಿ ಮುಗಿಯಿತು.

ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡು ಮಂಡಿಗೆ ಬಂದ ದಿನ, ಗೋಡೆಯ ರಿಪೋರ್ಟ್ ಓದುತ್ತಾ ಕುಣಿಗಲ್ಲಿನ ಗಿರಾಕಿ ನಿಂತಿದ್ದ. "ಭೇಷ್ ಯಜಮಾನ್ರೆ! ಬಾಯಿ ಹಂಗೇ ಮಾಲೂ ಚೊಕ್ಕ" ಎಂದು ಮೂಟೆಯ ಮೇಲಿನ ಅಡಿಕೆ ನೇವರಿಸಿದ.

ಚನ್ನವೀರಯ್ಯ ರಿಪೋರ್ಟನ್ನು ಗೋಡೆಯಿಂದ ಇಳಿಸಿದರು. ಆಮೇಲೆ ಏನನ್ನಿಸಿತೋ, ಮೂಟೆಯನ್ನೇ ನೆಲಕ್ಕೆ ಸುರಿದರು. ತಳದ ಅಡಿಕೆ ನೋಡಿದ ಗಿರಾಕಿ ಚೀಲ ಮಡಚಿಕೊಂಡು ಹೊರಟೇಹೋದ.

ಚನ್ನವೀರಯ್ಯ ಜೊತೆಗೆ ಬಂದಿದ್ದ ಹೆಂಡತಿಯ ಮುಖ ನೋಡಿದರು.

"ಹೋದ್ರೆ ಹೋಗ್ಲಿ ಬುಡಿ," ಎಂದರು ಸಿದ್ದಗಂಗಮ್ಮ, ಕೊಳೆತ ಅಡಿಕೆ ಆರಿಸುತ್ತಾ. "ನೀವು ಉಳಿದ್ರಲ್ಲ."