ಹೊಳೆಯಾಚೆಯ ಹೈಸ್ಕೂಲು

ಫರ್ಹಾನ ಏಳನೇ ಕ್ಲಾಸು ಪಾಸಾದಾಗ ಮನೆಯವರಿಗೆ ಖುಷಿಗಿಂತ ಚಿಂತೆಯೇ ಹೆಚ್ಚಾಯಿತು. ಊರಿನ ಶಾಲೆ ಏಳಕ್ಕೇ ಮುಗಿಯುತ್ತದೆ. ಸರ್ಕಾರಿ ಹೈಸ್ಕೂಲು ಇರುವುದು ಫಲ್ಗುಣಿ ಹೊಳೆಯ ಆಚೆ ದಡದಲ್ಲಿ. ಅಂಗಳದಲ್ಲಿ ನಿಂತರೆ ಅದರ ಹೆಂಚಿನ ಮಾಡು ಕಾಣುತ್ತದೆ. ಬಸ್ಸಿನಲ್ಲಾದರೆ ಪೊಳಲಿ ಸುತ್ತಿ, ಎರಡು ಬಸ್ಸು ಹತ್ತಿ ಇಳಿಯಬೇಕು. ಮೂಡುಬಿದಿರೆಯ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಮನೆಯೆದುರೇ ಹಾದುಹೋಗುತ್ತವೆ, ಇವರಿಗಾಗಿ ನಿಲ್ಲುವುದಿಲ್ಲ.

ಫರ್ಹಾನಳ ಉಮ್ಮ ಸಮೀನಾಳ ಓದು ನಿಂತದ್ದೂ ಏಳಕ್ಕೇ, ಇದೇ ಹೊಳೆಯಿಂದಾಗಿ.

"ಕಿಂಡಿ ಅಣೆಕಟ್ಟಿನ ಮೇಲೆ ನಡೆದು ಹೋಗುವ. ನಾನೂ ಬರ್ತೇನೆ" ಎಂದಳು ಅವಳು.

ಮೊದಲ ದಿನ ಹೊಳೆಯಿಡೀ ಮಂಜು. ಅಣೆಕಟ್ಟಿನ ನಡುವೆ ಬಂದಾಗ ಎರಡೂ ದಡ ಮಾಯವಾದವು. ಕೆಳಗೆ ನೀರಿನ ಸದ್ದು ಮಾತ್ರ.

"ಉಮ್ಮಾ, ನಾವು ಹೊಳೆಯ ಮೇಲೆ ತೇಲ್ತಾ ಇದ್ದೇವಾ?"

"ಕೈ ಬಿಡಬೇಡ" ಎಂದಳು ಸಮೀನಾ. ಅವಳಿಗೂ ಹಾಗೇ ಅನಿಸುತ್ತಿತ್ತು.

ಸಂಜೆ ಮಗಳನ್ನು ದಾಟಿಸಬೇಕಲ್ಲ, ಹಾಗಾಗಿ ಮನೆಗೆ ಹಿಂದಿರುಗದೆ ಶಾಲೆಯ ಜಗಲಿಯಲ್ಲಿ ಕುಳಿತಳು. ಕಿಟಕಿಯಿಂದ ಕಾಂತಿ ಟೀಚರ ದನಿ ಬರುತ್ತಿತ್ತು: ನರ್ಮದಾ, ಗೋದಾವರಿ, ಕೃಷ್ಣಾ. ಕಣ್ಣು ಮುಚ್ಚಿದರೆ ಹೊಳೆಗಳೆಲ್ಲ ಒಂದೊಂದಾಗಿ ಅವಳ ಅಂಗಳದ ಮುಂದೆ ಹರಿದು ಹೋದವು. ಎಚ್ಚರವಾದಾಗ ಟೀಚರು ಎದುರೇ ನಿಂತಿದ್ದರು.

"ಹೊರಗೆ ಯಾಕೆ ಕೂತದ್ದು? ಹಿಂದಿನ ಬೆಂಚು ಖಾಲಿ ಉಂಟು."

"ಈ ಪ್ರಾಯದಲ್ಲಾ ಟೀಚರ್?"

"ದೊಡ್ಡವರೂ ಎಸ್ಸೆಸ್ಸೆಲ್ಸಿ ಬರೀಬಹುದು. ಬನ್ನಿ."

ಸಮೀನಾ ಒಳಗೆ ಬಂದಾಗ ಫರ್ಹಾನ ನಾಚಿ ಪುಸ್ತಕದಲ್ಲಿ ಮುಖ ಹುದುಗಿಸಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ತಾನೇ ಬಂದು ಪಕ್ಕ ಕುಳಿತಳು.

ಮಳೆ ಜೋರಾಗಿ ಅಣೆಕಟ್ಟಿನ ಮೇಲೆ ನೀರು ಹತ್ತಿದಾಗ ಫರ್ಹಾನ ಆಚೆ ದಡದ ಟೀಚರ ಮನೆಯಲ್ಲೇ ಉಳಿದಳು. ಶನಿವಾರ ಶನಿವಾರ ಸಮೀನಾ ಅವಳನ್ನು ನೋಡಲು ಬಸ್ಸಿನಲ್ಲಿ ಪೊಳಲಿ ಸುತ್ತಿ ಬರುತ್ತಿದ್ದಳು. ಮಡಿಲಲ್ಲಿ ಮಗಳ ಹಳೆಯ ಪಾಠಪುಸ್ತಕ. ಕಿಟಕಿಯಾಚೆ ಕೆಂಪು ಹೊಳೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಿತ್ತು. ಓದಿದ ಸಾಲು ನಿದ್ದೆಯಲ್ಲಿ ಕರಗಿ, ಮುಂದಿನ ತಿರುವಿನಲ್ಲಿ ಮತ್ತೆ ಸಿಗುತ್ತಿತ್ತು.

ಫರ್ಹಾನ ಒಂಬತ್ತರಲ್ಲಿದ್ದಾಗ ಸಮೀನಾ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿದಳು. ಗಣಿತ ಹೋಯಿತು.

"ಬರುವ ವರ್ಷ ಒಟ್ಟಿಗೆ ಬರೆಯುವ ಉಮ್ಮಾ, ಲೆಕ್ಕ ನಾನು ಹೇಳಿಕೊಡ್ತೇನೆ" ಎಂದಳು ಮಗಳು.

ಹಾಗೇ ಮಾಡಿದರು. ಫಲಿತಾಂಶ ಮೊಬೈಲಿನಲ್ಲಿ ಬಂದಾಗ ಇಬ್ಬರೂ ಪಾಸು. ಸಮೀನಾ ತನ್ನ ಹೆಸರನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ ಚಹಾಕ್ಕೆ ನೀರಿಟ್ಟಳು.