ಭಾಗೀರಥಿಯ ಟೈಪಿಂಗ್ ಕ್ಲಾಸು

“ನಿಮ್ಮ ಭಾಗೀರಥಿ ಟೈಪಿಂಗ್ ಕ್ಲಾಸಿಗೆ ಸೇರಿದ್ದು ರೊಂಬ ಚೆನ್ನಾಗಿತ್ತಮ್ಮಾ,” ಎಂದು ಪಕ್ಕದ ಮನೆಯ ಗೋದಾಬಾಯಿ ನಲ್ಲಿಯ ಕೆಳಗೆ ಕೊಡ ಇಡುತ್ತ ಹೇಳಿದರು. “ಗಂಡನ ಮನೆಯವರು ಬಿಟ್ಟರೆ ಬಿಡಲಿ! ಅದನ್ನ ಕೇಳಿ ನಮ್ಮ ಜಯಾನೂ ನಾಳೆಯಿಂದ ಕ್ಲಾಸಿಗೆ ಹೋಗ್ತೀನಿ ಅಂತಾಳೆ. ವರ್ಷದಿಂದ ಕಥೆ ಕೇಳೋಕೆ ಬಿಟ್ರೆ ಹೊಸ್ತಿಲು ದಾಟದವಳು.”

ಅನಸೂಯ ನಗಲು ನೋಡಿದಳು, ಆಗಲಿಲ್ಲ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಅವಳ ಕಾದಂಬರಿಯಲ್ಲಿ ಭಾಗೀರಥಿ ಯಾವ ಕ್ಲಾಸಿಗೂ ಸೇರಿರಲಿಲ್ಲ. ತೊನ್ನು ಇದೆಯೆಂದು ಗಂಡನ ಮನೆಯಿಂದ ಹಿಂದಕ್ಕೆ ಬಂದ ಆ ಹುಡುಗಿ ಈ ವಾರದ ಕಂತಿನಲ್ಲಿ ಬಾವಿಗೆ ಹಾರಿದ್ದಳು.

ಗೋದಾಬಾಯಿ ಚುಚ್ಚುತ್ತಿದ್ದಾರೆಯೇ? ಮುಖದಲ್ಲಿ ಏನೂ ಕಾಣಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಕಾದಂಬರಿ ಎಲ್ಲಿಂದ ಹುಟ್ಟುತ್ತದೆ ಎಂದು ಕನ್ನಡ ಸಂಘದವರು ಕೇಳಿದಾಗಲೆಲ್ಲ ಅನಸೂಯ “ಒಳಗಿನಿಂದ” ಎನ್ನುತ್ತಿದ್ದಳು. ಆದರೆ ಭಾಗೀರಥಿ ಬಂದದ್ದು ಪಕ್ಕದ ಮನೆಯ ಗೋಡೆಯಾಚೆಯಿಂದ. ಗೋದಾಬಾಯಿಯ ಮಗಳು ಜಯಲಕ್ಷ್ಮಿಯ ಮೊಣಕೈ ಮೇಲಿದ್ದ ಬಿಳಿ ಮಚ್ಚೆಯನ್ನು ಭಾಗೀರಥಿಯ ಕತ್ತಿಗೆ ಸಾಗಿಸಿ, ಅಷ್ಟು ಸಾಕೆಂದುಕೊಂಡಿದ್ದಳು. ತಾಯಿ, ಮಗಳು ಇಬ್ಬರೂ ಮದರಾಸಿನ ಈ ತ್ರಿಪ್ಲಿಕೇನಿನಲ್ಲೇ ಹುಟ್ಟಿ ತಮಿಳು ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಅದೇ ಅವಳ ಧೈರ್ಯ.

ಆದರೆ ಬೀದಿಯಲ್ಲಿ ಹೋಟೆಲು ನಡೆಸುವ ಸದಾನಂದನ ಹೆಂಡತಿ ಗುಣವತಿ ಉಡುಪಿಯ ಕಡೆ ಶಾಲೆ ಕಲಿತವಳು. ಮಧ್ಯಾಹ್ನ ಹೋಟೆಲಿನ ಮಹಡಿಯಲ್ಲಿ ಸಂಜೆಯ ಪಲ್ಯಕ್ಕೆ ಅವರೆಕಾಯಿ ಬಿಡಿಸುವಾಗ ನೆರೆಯ ಹೆಂಗಸರು ಸೇರುತ್ತಾರೆ. ಅವಳು ಪತ್ರಿಕೆ ಓದಿ ಹೇಳುತ್ತಾಳೆ, ಒಂದು ಕಂತನ್ನು ಎರಡು ದಿನ. ಅವಳಿಗೆ ಎಲ್ಲ ಗೊತ್ತಾಗಿರಬೇಕು. ಎಲ್ಲರೂ ಸೇರಿ ತನ್ನನ್ನು ಆಡಿಸುತ್ತಿದ್ದಾರೆ.

ಅಂದು ಮಧ್ಯಾಹ್ನ ಅನಸೂಯ ಸದ್ದಿಲ್ಲದೆ ಮಹಡಿಯ ಮೆಟ್ಟಿಲು ಹತ್ತಿ ಬಾಗಿಲ ಮರೆಯಲ್ಲಿ ನಿಂತಳು.

“‘ಹೆಸರೇನಮ್ಮಾ?’ ಎಂದು ಮಾಸ್ತರು ಕೇಳಿದರು,” ಗುಣವತಿ ಓದುತ್ತಿದ್ದಳು. “ಭಾಗೀರಥಿ ತಲೆಯೆತ್ತಿ ಹೇಳಿದಳು.”

ತನ್ನ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಕೋಪ ಉಕ್ಕಿ ಅನಸೂಯ ಒಳಗೆ ಕಾಲಿಟ್ಟಳು. ಆಗ ಜಯಲಕ್ಷ್ಮಿ ಕಂಡಳು. ಬಿಡಿಸದ ಕಾಯಿಯೊಂದು ಅವಳ ಕೈಯಲ್ಲೇ ಉಳಿದಿತ್ತು. ಸೆರಗು ಮೊಣಕೈಯಿಂದ ಜಾರಿತ್ತು. ಅವಳು ಅದನ್ನು ಎಳೆದುಕೊಂಡಿರಲಿಲ್ಲ.

“ಅಡಡಾ, ಬರೆದ ಬ್ರಹ್ಮನೇ ಬಂದ್ರಲ್ಲ!” ಎಂದರು ಗೋದಾಬಾಯಿ. “ಇನ್ನು ನೀವೇ ಓದಿ.”

ಗುಣವತಿ ಪತ್ರಿಕೆಯನ್ನು ಮಡಿಚಿ ಮಡಿಲಿಗೆ ಒತ್ತಿಕೊಂಡಳು. “ಬರೆದವರಿಗೇ ಓದುವ ಶಿಕ್ಷೆ ಎಂತಕ್ಕೆ ಮಾರಾಯ್ರೆ? ಕೂತ್ಕೊಳ್ಳಿ, ಕಾಫಿ ತರಿಸ್ತೇನೆ.”

“ಯಾಕಕ್ಕಾ ಮುಚ್ಕೊತೀರಾ?” ಜಯಲಕ್ಷ್ಮಿ ನಕ್ಕಳು. ನಗು ಹಾಗೇ ನಿಂತಿತು. “ಅದರಲ್ಲಿ ಬೇರೆ ಏನೋ ಬರೆದಿದೆಯಾ?”

ಗೋದಾಬಾಯಿಯ ಕೈಯೂ ನಿಂತಿತು. ಅವರು ಒಮ್ಮೆ ಗುಣವತಿಯನ್ನು, ಒಮ್ಮೆ ಅನಸೂಯಳನ್ನು ನೋಡಿದರು. ಗುಣವತಿ ಮಾತ್ರ ಅನಸೂಯಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ.

“ಕೊಡಮ್ಮ,” ಎಂದು ಅನಸೂಯ ಅವಳ ಪಕ್ಕದಲ್ಲಿ ಕೂತಳು.

ಪತ್ರಿಕೆ ಬಿಡಿಸಿದಾಗ ಗುಣವತಿ ಅದನ್ನು ಮಡಿಚಿ ಹಿಡಿದಿದ್ದೇಕೆ ಎಂದು ತಿಳಿಯಿತು. ಪುಟದ ನಡುವೆ ಚಿತ್ರಕಾರನ ಚಿತ್ರವಿತ್ತು: ಬಾವಿಕಟ್ಟೆಯ ಮೇಲೆ ಒದ್ದೆ ಕೂದಲು ಹರಡಿ ಮಲಗಿಸಿದ ಹುಡುಗಿ, ಕತ್ತಿನ ಮೇಲೆ ಬಿಳಿ ಮಚ್ಚೆ. ಅಕ್ಷರ ಬಾರದವರಿಗೂ ಅದು ಅರ್ಥವಾಗುತ್ತಿತ್ತು. ಜಯಲಕ್ಷ್ಮಿ ನೋಡಲು ಹತ್ತಿರ ಸರಿದಳು. ಅನಸೂಯ ಅಂಗೈಯನ್ನು ಅಗಲಿಸಿ ಚಿತ್ರದ ಮೇಲಿಟ್ಟಳು.

“ಭಾಗೀರಥಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು,” ಎಂದು ಶುರುಮಾಡಿದಳು. “ಅಲ್ಲಿ... ಕಿಟಕಿಯ ಹತ್ತಿರ ಒಂದು ಮೆಷಿನ್...”

“ಖಾಲಿ ಇತ್ತು,” ಎಂದಳು ಗುಣವತಿ, ಅವರೆಕಾಯಿಯಿಂದ ಕಣ್ಣೆತ್ತದೆ.

“ಖಾಲಿ ಇತ್ತು.”

“ಆಮೇಲೆ?” ಎಂದಳು ಜಯಲಕ್ಷ್ಮಿ.

ಪುಟ ತಿರುಗಿಸುವ ಹೊತ್ತು ಕಳೆದರೂ ಅನಸೂಯ ಕೈ ಎತ್ತಲಿಲ್ಲ, ಓದುತ್ತಲೇ ಹೋದಳು. ಸಮುದ್ರದ ಗಾಳಿಗೆ ಪುಟದ ಅಂಚು ಏಳುತ್ತಿತ್ತು. ಗುಣವತಿ ಅದರ ಮೇಲೆ ಒಂದು ಹಿಡಿ ಅವರೆಕಾಯಿ ಇಟ್ಟಳು.